ಹದಿನೇಳನೆಯ ಬಾವಿ

ನನ್ನ ವೇಳಾಪಟ್ಟಿಯಲ್ಲಿ ನಾಲ್ಕು ಸಾವಿರದ ನೂರ ಹನ್ನೆರಡು ಸಾಲು.
ಪ್ರತಿ ಸಾಲಿಗೂ ಹಿಂದೊಂದು, ಮುಂದೊಂದು:
ಕೊರೆಯದೆ ಮದ್ದಿಲ್ಲ, ಸಿಡಿಯದೆ ಹೊಗೆಯಿಲ್ಲ,
ಹೊಗೆ ಹೋಗದೆ ಲಾರಿ ಒಳಗಿಲ್ಲ.
ಎರಡು ಸಾವಿರದ ಮುನ್ನೂರ ಆರನೆಯದಕ್ಕೆ ಮಾತ್ರ
ಹಿಂದೆ ಮುಂದೆ ಯಾರೂ ಇಲ್ಲ.
‘ಊರ ಬಾವಿಗಳ ನೀರಿನ ಮಟ್ಟ. ದಿನವೂ.’
ಪರಿಸರದವರು ಕೇಳಿದರೆ ತೋರಿಸಲಿಕ್ಕೆ
ನಾನೇ ಬರೆದಿಟ್ಟದ್ದು.

ಊರಿನ ಹೆಸರು ಕರಿಪಾದೆ.
ಮೋಡವಿಲ್ಲದ ರಾತ್ರಿ ಕಾಪುವಿನ ದೀಪಸ್ತಂಭದ ಬೆಳಕು
ನಮ್ಮ ಕಂಟೈನರ್ ಆಫೀಸಿನ ತಗಡು ಸವರಿ ಹೋಗುತ್ತದೆ.
ಕೆಳಗೆ, ಐದು ತೆಂಗು ಒಂದರ ಮೇಲೊಂದು ನಿಲ್ಲಿಸಿದ ಆಳದಲ್ಲಿ
ಕಲ್ಲಿನ ಹೊಟ್ಟೆ ಬಗೆಯುತ್ತಿದ್ದೇವೆ,
ದೇಶಕ್ಕೆ ಕಷ್ಟಕಾಲದ ಎಣ್ಣೆ ತುಂಬಿಡಲು.

‘ಟಾಂಕಿ ಇಲ್ಲ, ತಗಡಿಲ್ಲ, ಬರಿಯ ಕಲ್ಲಾ?’
ಕೇಳಿದವಳು ಶಿರ್ವದ ಫ್ಲೋರಿನ್ ಕ್ವಾಡ್ರಸ್.
ಬೆಳಗಾದರೆ ಸ್ಕೂಟರಿನಲ್ಲಿ ಬಾವಿಯಿಂದ ಬಾವಿಗೆ
ಟೇಪು ಇಳಿಸುತ್ತಾ ಹೋಗುವವಳು.
ತಿಂಗಳಿಗೆ ಹನ್ನೊಂದು ಸಾವಿರ, ಪೆಟ್ರೋಲು ಬೇರೆ.
ಬರಿಯ ಕಲ್ಲು, ಎಂದೆ. ಬಿರುಕು ಬಿಟ್ಟ ಕಲ್ಲು.
ಬಿರುಕಿನ ನೀರು ಸುತ್ತಲಿಂದ ಒಳಕ್ಕೆ ಒತ್ತುತ್ತದೆ,
ಎಣ್ಣೆ ಹೊರಡಬೇಕಾದರೆ ಅದನ್ನು ದೂಡಬೇಕು. ಆಗುವುದಿಲ್ಲ.
ಅವಳು ಟೇಪು ಸುತ್ತುತ್ತಾ ಸುತ್ತುತ್ತಾ
‘ಹಾಗಾದರೆ ಟಾಂಕಿ ಅಂದ್ರೆ ಈ ಬಾವಿ ನೀರೇ’ ಎಂದಳು.
ಮೂರು ವರ್ಷ ಪರದೆಯ ಮೇಲೆ ಚಿತ್ರ ತೋರಿಸಿದವ ನಾನು.
ಇಷ್ಟು ಸಣ್ಣ ವಾಕ್ಯ ನನಗೆ ಸಿಕ್ಕಿರಲಿಲ್ಲ.

ಫೆಬ್ರವರಿಯಲ್ಲಿ ಹದಿನೇಳನೆಯ ಬಾವಿ, ಬೊಗ್ಗು ಮೂಲ್ಯರದ್ದು,
ಒಂದೇ ರಾತ್ರಿಗೆ ಒಂದು ಗೇಣು ಇಳಿಯಿತು.
ಮರುದಿನ ಮತ್ತೊಂದು ಮೊಳ.
ಈ ಸುತ್ತಿನ ಅರ್ಧ ಬಾವಿ ತೋಡಿದವರು ಮೂಲ್ಯರು;
ಬೈಯಲಿಲ್ಲ. ಕಟ್ಟೆಗೆ ಕೈಯೂರಿ ಬಗ್ಗಿ ನೋಡಿದರು.
‘ಬೇಸಗೆ ಹೀಗೆ ಅವಸರ ಮಾಡುವುದಿಲ್ಲ ಮಾರಾಯ್ರೆ.
ಇದು ಅಡಿಯಿಂದ ಯಾರೋ ಎಳೆಯುವುದು.’

ಎಳೆಯುತ್ತಿದ್ದದ್ದು ನಾವೇ.
ಮೂರನೆಯ ಸುರಂಗದಲ್ಲಿ, ಹಿಂದಿನ ವಾರದ ಸಿಡಿತದ ನಂತರ
ಒಂದು ಬಿರುಕು ಬೆವರುತ್ತಿತ್ತು. ಪಂಪು ಇಟ್ಟೆವು.
ವರದಿಯಲ್ಲಿ ಬರೆದೆವು: ನಿಯಂತ್ರಣದಲ್ಲಿದೆ.

ಕೊರೆಯುವುದು ನಿಲ್ಲಿಸಿ, ಸಿಮೆಂಟಿನ ಹಾಲು ಒತ್ತಬೇಕು
ಎಂದರು ಕಲ್ಲು ಓದುವ ವಸುಮತಿ ಕೆದಿಲಾಯ.
ಎಷ್ಟು ದಿನ?
ಕಲ್ಲು ಕುಡಿಯುವಷ್ಟು ದಿನ.
ಅಂಥ ಸಂಖ್ಯೆ ನನ್ನ ಪಟ್ಟಿಗೆ ಹಿಡಿಸುವುದಿಲ್ಲ,
ಹನ್ನೊಂದು ಎಂದು ಹಾಕಿದೆ.
ಹಾಕಿದ್ದೇ ತಡ, ಇಡೀ ಪಟ್ಟಿ ಬಲಕ್ಕೆ ಜಾರಿ
ಮಳೆಯ ಗೆರೆ ದಾಟಿತು.
ಮೇ ಒಳಗೆ ಕಡಲಿಗಿಳಿಯಬೇಕಿದ್ದ ಪೈಪು ಅಕ್ಟೋಬರಿಗೆ ಬಿತ್ತು;
ಇನ್ನೂ ಹೆಸರಿಡದ ಹಡಗೊಂದು ಯಾವುದೋ ಕೊಲ್ಲಿಯಲ್ಲಿ
ಬಾಡಿಗೆ ಎಣಿಸುತ್ತಾ ನಿಂತಿತು.

ದಿಲ್ಲಿಯಿಂದ ಪರದೆಯ ತುಂಬ ಆರು ಮುಖ.
ಒಂದು ಬಾವಿಗಾಗಿಯೇ? ಟ್ಯಾಂಕರಿನಲ್ಲಿ ನೀರು ಕೊಡಿ.
ಎಷ್ಟಾಗುತ್ತದೆ?
ಲೆಕ್ಕ ಮಾಡಿಯೇ ಇಟ್ಟಿದ್ದೆ.
ಒಂದು ಗಂಟೆ ಕೆಲಸ ನಿಂತರೆ ಆಗುವ ನಷ್ಟಕ್ಕಿಂತ ಅಗ್ಗ.
ಆ ಸಂಖ್ಯೆ ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳಲಾರೆ.
ವಸುಮತಿಯೇ ಮೊದಲು ಬಾಯಿ ತೆರೆದರು:
‘ಟ್ಯಾಂಕರು ಬಾವಿಗೆ ಬರುತ್ತದೆ, ಬಿರುಕಿಗೆ ಬರುವುದಿಲ್ಲ.
ಒಮ್ಮೆ ಗಾಳಿ ಹೊಕ್ಕ ಬಿರುಕು
ಮತ್ತೆ ಹೊಟ್ಟೆ ತುಂಬ ನೀರು ಕುಡಿಯುವುದಿಲ್ಲ.
ಆಮೇಲೆ ನಿಮ್ಮ ಎಣ್ಣೆ ಎಲ್ಲಿ ಹೋಯಿತೆಂದು
ಮೂಲ್ಯರ ಕೊಡಪಾನವನ್ನೇ ಕೇಳಬೇಕು.’
ಯಾರೋ ಮೈಕು ಮುಚ್ಚಿದರು.
ಬಾಯಿಗಳು ಆಡುತ್ತಲೇ ಇದ್ದವು.

ಆ ರಾತ್ರಿ ಎರಡು ಸಾವಿರದ ಮುನ್ನೂರ ಆರನ್ನು
ಪ್ರತಿ ಸಿಡಿತದ ಹಿಂದೆ ಕಟ್ಟಿದೆ:
ಬಾವಿ ಅಳೆಯದೆ ಕೊರೆಯುವಂತಿಲ್ಲ.
ಸಾಲು ಕೆಂಪಾಯಿತು.
ನಮ್ಮಲ್ಲಿ ಕೆಂಪೆಂದರೆ, ಇಲ್ಲಿ ಒಂದು ದಿನ ತಪ್ಪಿದರೆ
ಕೊನೆಯ ದಿನವೂ ಒಂದು ದಿನ ತಪ್ಪಿತು.
ಫ್ಲೋರಿನಳ ಸ್ಕೂಟರು ಪಂಕ್ಚರಾದರೆ ದೇಶ ಕಾಯಬೇಕು.
ಅವಳಿಗೆ ಹೇಳಿದೆ.
‘ಹಾಗಾದರೆ ಒಂದು ಹೊಸ ಟಯರು ಕೊಡಿಸಿ’ ಎಂದಳು.

ಹನ್ನೊಂದು ದಿನ ಹತ್ತೊಂಬತ್ತಾಯಿತು.
ಮೊಳ ಮೇಲೆ ಬಂದಿದೆ, ಗೇಣು ಇನ್ನೂ ಬಾಕಿ.
ಮೂಲ್ಯರು ಮರೆತಿಲ್ಲ; ದಾರಿಯಲ್ಲಿ ಸಿಕ್ಕಾಗಲೆಲ್ಲ
ಕೈಯೆತ್ತಿ ಬೆರಳು ಅಗಲಿಸಿ ತೋರಿಸುತ್ತಾರೆ.
ದೂರದಿಂದ ಕಂಡವರು, ಹರಸುತ್ತಿದ್ದಾರೆ
ಎಂದುಕೊಳ್ಳಬಹುದು.